ಅತ್ತಿಮಬ್ಬೆಯ ಅಡ್ಡಹೆಸರು

ಗದಗಿನಿಂದ ಲಕ್ಕುಂಡಿ ಸುಮಾರು 12 ಕಿಲೋಮೀಟರು. ಹೈಸ್ಕೂಲು ಮಕ್ಕಳನ್ನು ಶಾಸನ ಓದಿಸಲು ಕರೆದುಕೊಂಡು ಹೋಗುವುದಾದರೆ ಬೆಳಿಗ್ಗೆ ಎಂಟರೊಳಗೆ ಕಲ್ಲಿನ ಮುಂದೆ ನಿಂತಿರಬೇಕು. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಅಕ್ಷರದ ಗೀರಿನಲ್ಲಿ ನೆರಳು ಕೂಡುತ್ತದೆ. ಹನ್ನೊಂದರ ಬಿಸಿಲಿಗೆ ಅದೇ ಕಲ್ಲು ಬೋಳಾಗಿ ಕಾಣುತ್ತದೆ, ಮಕ್ಕಳು "ಏನೂ ಇಲ್ರಿ ಇಲ್ಲಿ" ಎಂದು ನೆಲ್ಲಿಕಾಯಿ ಮಾರುವವರ ಕಡೆ ನಡೆದುಬಿಡುತ್ತಾರೆ. ನೆರಳಿನಲ್ಲಿರುವ ಕಲ್ಲಾದರೆ ಮೊಬೈಲಿನ ಬ್ಯಾಟರಿ ಬೆಳಕನ್ನು ಪಕ್ಕದಿಂದ, ಹೆಚ್ಚುಕಡಿಮೆ ಕಲ್ಲಿಗೆ ತಾಗುವಂತೆ ಹಿಡಿಯಬೇಕು. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು, ಹೀಗೆ ಮೂರು ಫೋಟೋ ತೆಗೆದರೆ ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಸಿಗುತ್ತದೆ. ಸೀಮೆಸುಣ್ಣ ತಿಕ್ಕಲೇಬಾರದು. ಲಕ್ಕುಂಡಿಯ ಗುಡಿಗಳದು ಬಳಪದ ಕಲ್ಲು. ಅಷ್ಟು ನುಣುಪಾದ ಕೆತ್ತನೆ ಸಾಧ್ಯವಾದದ್ದು ಕಲ್ಲು ಮೆತ್ತಗಿದ್ದುದರಿಂದ, ಉಜ್ಜಿದರೆ ಸವೆಯುವುದೂ ಅದಕ್ಕೇ.

ಮೊನ್ನೆ ಶನಿವಾರ ಮಕ್ಕಳ ಕೈಯಲ್ಲಿ, ಲಕ್ಕುಂಡಿಯಲ್ಲಿ ಜೈನ ಬಸದಿ ಕಟ್ಟಿಸಿದ ಅತ್ತಿಮಬ್ಬೆಯ 1007ರ ಶಾಸನದ ಅಚ್ಚಾದ ಪಾಠದ ಜೆರಾಕ್ಸ್ ಇತ್ತು. ಮೊದಲು ಹಾಳೆ, ಆಮೇಲೆ ಕಲ್ಲು. ಈ ಕ್ರಮ ತಪ್ಪಿಸಿದರೆ ಅರ್ಧ ತಾಸಿನಲ್ಲಿ ಮಕ್ಕಳು ಸೋಲುತ್ತಾರೆ, ಏಕೆಂದರೆ ಶಾಸನದಲ್ಲಿ ಪದಪದದ ನಡುವೆ ಜಾಗ ಬಿಟ್ಟಿರುವುದಿಲ್ಲ. ಎ, ಏಗಳಿಗೆ, ಒ, ಓಗಳಿಗೆ ಬೇರೆ ಬೇರೆ ಗುರುತು ಇರುವುದಿಲ್ಲ, ಅರ್ಥ ನೋಡಿ ನಾವೇ ಎಳೆದು ಓದಬೇಕು. ಧರ್ಮ ಎನ್ನುವುದು "ಧರ್ಮ್ಮ" ಎಂದು ಇಮ್ಮಡಿಯಾಗಿ ಬರುತ್ತದೆ. ಕಲ್ಲಿನ ಸಣ್ಣ ತೂತನ್ನು ಸೊನ್ನೆಯೆಂದು ಓದುವ ತಪ್ಪಂತೂ ಪ್ರತಿ ಸಲ ಆಗುತ್ತದೆ.

ಮೇಲಿನ ಸಾಲಿನಿಂದ ಶುರು ಮಾಡುವುದೂ ಬೇಡ. ಅಲ್ಲಿರುವುದು ಸ್ತುತಿ, ಬಿರುದು, ಉದ್ದುದ್ದ ಸಂಸ್ಕೃತ ಸಮಾಸ. ಕಾಲ ಹೇಳುವ ಸಾಲು ಹುಡುಕಿಸಿ ಅಲ್ಲಿಂದ ಹೊರಡುವುದು ಒಳ್ಳೆಯದು. ಶಕವರ್ಷ 929ಕ್ಕೆ 78 ಕೂಡಿಸಿದರೆ 1007. ಲೆಕ್ಕ ಸರಿಯೋ ಇಲ್ಲವೋ ನೋಡಲು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವ ಸಂವತ್ಸರ ಇದೆ. ಶಕ 929 ಪ್ಲವಂಗ. 1967ರ ಯುಗಾದಿಗೆ ಶುರುವಾದದ್ದೂ ಪ್ಲವಂಗವೇ. ಎರಡರ ನಡುವಿನ 960 ವರ್ಷವನ್ನು 60ರಿಂದ ಭಾಗಿಸಿದರೆ ಶೇಷ ಉಳಿಯದೆ 16 ಬರುತ್ತದೆ. ಗಣಿತಕ್ಕೆ ಹೆದರುವ ಹುಡುಗನೊಬ್ಬ ಈ ಭಾಗಾಕಾರವನ್ನು ಅಂಗೈ ಮೇಲೆ ಪೆನ್ನಿನಿಂದ ಮಾಡಿ ಎಲ್ಲರಿಗೂ ತೋರಿಸಿದ.

ಹಳಗನ್ನಡ ಪದಗಳಿಗೆ ಮೂರು ಕೀಲಿ ಸಾಕು. ಮೊದಲಿನ ಪಕಾರ ಹಕಾರವಾಗಿದೆ: ಪಾಲ್ ಹಾಲು, ಪೊಲ ಹೊಲ, ಪುಲಿ ಹುಲಿ. ಕೊನೆಯ ವ್ಯಂಜನಕ್ಕೆ ಉಕಾರ ಸೇರಿದೆ: ಕಣ್ ಕಣ್ಣು, ಊರ್ ಊರು. ೞ ಬಂದಲ್ಲಿ ಳ ಹಚ್ಚಿ ನೋಡಬೇಕು: ಏೞ್ ಏಳು, ಬಾೞೆ ಬಾಳೆ. ಬೆಮರ್ ಮತ್ತು ಪನಿ ಸೇರಿ ಆದ ಬೆಮರ್ವನಿಯನ್ನು ಆದೇಶಸಂಧಿಗೆ ಉದಾಹರಣೆಯೆಂದು ಬಾಯಿಪಾಠ ಮಾಡಿದ ಮಕ್ಕಳಿಗೆ ಪನಿ ಎಂದರೆ ಮನೆಯಲ್ಲಿ ಆಡುವ ಹನಿ ಎಂದು ಹೊಳೆಯುವುದು ಇಂಥ ಹೊತ್ತಿನಲ್ಲಿಯೇ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಕಡೆಯ ಮಕ್ಕಳಿಗೆ ಪುಸ್ತಕದ ಕನ್ನಡ ಬೇರೆಯವರದು, ತಾವು ಆಡುವುದು ಒರಟು ಎಂಬ ಅಳುಕು ಎಳೆಯ ವಯಸ್ಸಿನಲ್ಲೇ ಕೂತುಬಿಡುತ್ತದೆ. ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆಯೆಂದು ನಾಲ್ಕು ಊರುಗಳ ಹೆಸರು ಹೇಳುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಪುಲಿಗೆರೆ ಎಂದರೆ ಲಕ್ಷ್ಮೇಶ್ವರ, ನಮ್ಮದೇ ಜಿಲ್ಲೆ. ಪಂಪ ತನ್ನ ಭಾರತವನ್ನು ಬರೆದದ್ದು ಆ ಪುಲಿಗೆರೆಯ ತಿರುಳ್ಗನ್ನಡದಲ್ಲೇ ಎಂದು ತಾನೇ ಹೇಳಿಕೊಂಡಿದ್ದಾನೆ. ಇದನ್ನು ಪರೀಕ್ಷೆಯ ಒಂದು ಅಂಕದ ಪ್ರಶ್ನೆಯಾಗಿ ಮುಗಿಸುವುದು ಅನ್ಯಾಯ. ಲಕ್ಷ್ಮೇಶ್ವರದಿಂದ ಬಸ್ಸಿಗೆ ಬರುವ ಹುಡುಗನನ್ನು ನಿಲ್ಲಿಸಿ, ಅವನ ಬಾಯಿಂದಲೇ ಓದಿಸಬೇಕು.

ಆಮೇಲೆ ಹಾಜರಿ ಪಟ್ಟಿ ತೆಗೆದೆವು. ಗೌಡರ, ಶಾನಭಾಗ, ಹೆಗಡೆ, ಬಡಿಗೇರ, ಪತ್ತಾರ, ಹೂಗಾರ, ಮುಳಗುಂದ. ಶಾಸನಗಳಲ್ಲಿ ಗಾವುಂಡ ಬರುತ್ತಾನೆ, ಗೌಡ ಅದರಿಂದ ಬಂದದ್ದು. ಸೇನಬೋವ ಶಾನಭೋಗನಾಗಿದ್ದಾನೆ, ಪೆರ್ಗಡೆ ಹೆಗ್ಗಡೆಯಾಗಿದ್ದಾನೆ. ತಕ್ಷಣ ಒಬ್ಬ, "ಹಂಗಾರ ನಮ್ಮ ಮುತ್ತಜ್ಜ ಶಾಸನದಾಗ ಅದಾನ್ರಿ ಸರ!" ಎಂದ. ಇಲ್ಲಿ ಕೈ ಹಿಡಿದು ನಿಲ್ಲಿಸಬೇಕಾಗುತ್ತದೆ. ಅಡ್ಡಹೆಸರು ಕೆಲಸವನ್ನು ಹೇಳುತ್ತದೆ, ಊರನ್ನು ಹೇಳುತ್ತದೆ. ರಕ್ತವನ್ನು ಹೇಳುವುದಿಲ್ಲ. ಒಂದೊಂದು ಊರಿಗೂ ಗಾವುಂಡರಿದ್ದರು, ಸಾವಿರ ವರ್ಷದಲ್ಲಿ ಆ ಕೆಲಸ ಎಷ್ಟೋ ಮನೆಗಳ ಕೈ ದಾಟಿದೆ. ಹುಡುಗನ ಮುಖ ಸಣ್ಣದಾಯಿತು, ಆದರೂ ಹೇಳಲೇಬೇಕು. ಸುಳ್ಳು ವಂಶಾವಳಿಯ ರುಚಿ ಹತ್ತಿದವರು ಮುಂದೆ ಇತಿಹಾಸ ಓದುವುದಿಲ್ಲ, ತಮಗೆ ಬೇಕಾದ್ದನ್ನು ಅದರಲ್ಲಿ ಹುಡುಕುತ್ತಾರೆ.

ಬಸದಿಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚಬಾರದೆಂದು ಹೊರಗೆ ಬಂದು ಕೂತಿದ್ದಾಗ ಒಬ್ಬ ಹುಡುಗಿ ಕೇಳಿದಳು.

"ಸರ, ಅತ್ತಿಮಬ್ಬೆ ಅವರ ಅಡ್ಡಹೆಸರು ಏನ್ರೀ?"

ಪ್ರಶ್ನೆ ಸಣ್ಣದಲ್ಲ. ಅವಳ ಗಂಡ ನಾಗದೇವ, ಮಗ ಅಣ್ಣಿಗದೇವ, ತಂಗಿ ಗುಂಡಮಬ್ಬೆ. ರನ್ನನಿಂದ ಅಜಿತಪುರಾಣ ಬರೆಸಿದಳು, 993ರಲ್ಲಿ. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ತಾಳೆಗರಿ ಪ್ರತಿ ಮಾಡಿಸಿ ಹಂಚಿದಳು. ದಾನಚಿಂತಾಮಣಿ ಎಂಬುದು ಬಿರುದು. ಅಡ್ಡಹೆಸರು ಎಂಬುದೊಂದು ಇಲ್ಲ.

"ಇಲ್ಲ ತಂಗಿ. ಹೆಸರಿನ ಕಡೀಕ ಏನೈತಿ ಓದು."

"ಅಬ್ಬೆ ಐತ್ರಿ."

"ಅಬ್ಬೆ ಅಂದ್ರ ತಾಯಿ. ಅಬ್ಬೆ, ಅವ್ವೆ, ಮುಂದ?"

ಅವಳು ಬಾಯಿಬಿಟ್ಟು ಹೇಳಲಿಲ್ಲ. ಕೈಯಲ್ಲಿದ್ದ ರೊಟ್ಟಿ ಬುತ್ತಿಯೊಳಗಿಟ್ಟು, ಬೆರಳಿಗೆ ಹತ್ತಿದ ಶೇಂಗಾ ಹಿಂಡಿಯನ್ನು ಒರೆಸಿಕೊಂಡು ನೋಟುಬುಕ್ಕು ತೆಗೆದಳು. ಅಭ್ಯಾಸದ ಭಾಗವಾಗಿ ಎಲ್ಲರಿಗೂ ಮೂರು ತಲೆಮಾರಿನ ಹೆಂಗಸರ ಹೆಸರು ಬರೆದು ತರಲು ಹೇಳಲಾಗಿತ್ತು. ಗಂಡಸರ ಹೆಸರು ಹೊಲದ ಉತಾರದಲ್ಲಿ ಸಿಗುತ್ತದೆ, ಹೆಂಗಸರದು ಕೇಳಿ ತಿಳಿಯಬೇಕು, ಅದಕ್ಕೇ. ಈಕೆ ಅಜ್ಜಿಯ ಹೆಸರನ್ನು ನೀಲಾ ಎಂದೂ, ಅಜ್ಜಿಯ ತಾಯಿಯ ಹೆಸರನ್ನು ಗಂಗಾ ಎಂದೂ ತಿದ್ದಿ, ಚೆಂದ ಮಾಡಿ ಬರೆದುಕೊಂಡು ಬಂದಿದ್ದಳು. ಎರಡರ ಮುಂದೆಯೂ ಸಣ್ಣ ಜಾಗ ಉಳಿದಿತ್ತು. ದೀರ್ಘ ಹೊಡೆದುಹಾಕಿ ಅಲ್ಲಿ "ವ್ವ" ಸೇರಿಸಿದಳು. ಅದರ ಮೇಲಿನ ಖಾಲಿ ಸಾಲಿನಲ್ಲಿ ಅತ್ತಿಮವ್ವ ಎಂದು ಬರೆದು, ಸ್ವಲ್ಪ ಹೊತ್ತು ನೋಡಿ, ಆ ಹೆಸರಿನಿಂದ ಕೆಳಗಿನ ಹೆಸರುಗಳಿಗೆ ಗೆರೆ ಎಳೆಯಲು ಹೋದವಳು ಕೈ ತಡೆದಳು.

"ಗೆರಿ ಎಳಿಯೂದು ಬ್ಯಾಡಲ್ರಿ ಸರ?"

"ಬ್ಯಾಡ."

ಬರೀ ಹೆಸರು ಮೂರು ಹಾಗೆಯೇ ಬಿಟ್ಟು ಪುಸ್ತಕ ಮುಚ್ಚಿದಳು.