ಸೀಶೆಲ್ಸ್‌ನ 37 ಪರ್ಸೆಂಟ್ ಮತ್ತು ನಮ್ಮ ಮಾವನ ಫಾರ್ವರ್ಡ್

2021ರ ಮೇ ತಿಂಗಳಲ್ಲಿ ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಧಾರವಾಡದ ಮಾವ ಒಂದು ಫಾರ್ವರ್ಡ್ ಹಾಕಿದ್ರು, ಸೀಶೆಲ್ಸ್ ಅನ್ನೋ ದೇಶದಲ್ಲಿ ಎಲ್ಲಾರಿಗೂ ಲಸಿಕೆ ಹಾಕಿದ್ರೂ ಕೊರೊನಾ ಏರ್ತಾ ಇದೆ, ಸೋಂಕು ಬಂದೋರಲ್ಲಿ 37 ಪರ್ಸೆಂಟ್ ಎರಡೂ ಡೋಸ್ ಆದವರೇ ಅಂತ, ಕೆಳಗೆ "ಈಗಾದ್ರೂ ತಿಳ್ಕೊಳ್ಳಿ" ಅಂತ ಕೈಮುಗಿದ ಇಮೋಜಿ ಬೇರೆ. ನಾವಿರೋದು ಪುಣೆಯ ಹಡಪ್ಸರ್‌ನಲ್ಲಿ, ಆಗ ಕೋವಿಶೀಲ್ಡ್ ತಯಾರಾಗ್ತಿದ್ದದ್ದು ಇಲ್ಲೇ ಪಕ್ಕದಲ್ಲಿ, ಆದ್ರೂ ಲಸಿಕೆ ಸ್ಲಾಟ್ ಓಪನ್ ಆದ ನಿಮಿಷದಲ್ಲೇ ಖಾಲಿ. ಅಂಥಾ ಟೈಮಲ್ಲಿ ಈ ಮೆಸೇಜ್ ನೋಡಿ ತಲೆ ಕೆಡ್ತು.

ಅಂಕಿ ಸುಳ್ಳಲ್ಲ, ಅದೇ ತೊಂದರೆ. ಸೀಶೆಲ್ಸ್ ಅಂದ್ರೆ ಹಿಂದೂ ಮಹಾಸಾಗರದಲ್ಲಿ 115 ದ್ವೀಪ, ಜನ ಒಂದು ಲಕ್ಷದ ಹತ್ರ, ಹೆಚ್ಚಿನವರು ಮಾಹೆ ಅನ್ನೋ ಒಂದೇ ದ್ವೀಪದಲ್ಲಿ (ನಮ್ಮ ಕೇರಳ ಪಕ್ಕದ ಮಾಹೆ ಅಲ್ಲ ಮತ್ತೆ). 2021ರ ಜನವರಿಯಲ್ಲಿ ಯುಎಇ ಕೊಟ್ಟ ಸಿನೋಫಾರ್ಮ್ ಅನ್ನೋ ಚೀನಾದ ಲಸಿಕೆಯಿಂದ ಶುರು ಮಾಡಿದ್ರು, ಅದೇ ತಿಂಗಳು ನಮ್ಮ ದೇಶದಿಂದ 50,000 ಡೋಸ್ ಕೋವಿಶೀಲ್ಡ್ ಹೋಯ್ತು. ಮೇ ಹೊತ್ತಿಗೆ ನೂರಕ್ಕೆ 60ಕ್ಕಿಂತ ಜಾಸ್ತಿ ಜನಕ್ಕೆ ಎರಡೂ ಡೋಸ್ ಆಗಿತ್ತು, ಜಗತ್ತಿಗೇ ಫಸ್ಟ್.

ಈಗ ಮಾವನ ಲೆಕ್ಕ ನೋಡಿ. ನೂರು ಜನ ಅಂತ ಇಟ್ಕೊಳ್ಳಿ, ಸುಮಾರು 62 ಜನಕ್ಕೆ ಪೂರ್ತಿ ಲಸಿಕೆ, 38 ಜನಕ್ಕೆ ಇಲ್ಲ. ಲಸಿಕೆಯಿಂದ ಏನೂ ಉಪಯೋಗ ಇಲ್ಲ ಅಂದ್ರೆ ಸೋಂಕಿತರಲ್ಲೂ 62 ಪರ್ಸೆಂಟ್ ಲಸಿಕೆ ಆದವರೇ ಇರ್ಬೇಕಿತ್ತಲ್ವಾ, ಇದ್ದದ್ದು 37. ಅಂದ್ರೆ ನೂರು ಸೋಂಕಲ್ಲಿ 62 ಜನರ ಪಾಲಿಗೆ 37, ಉಳಿದ 38 ಜನರ ಪಾಲಿಗೆ 63, ಭಾಗಿಸಿ ನೋಡಿದ್ರೆ ಪೂರ್ತಿ ಡೋಸ್ ಆಗದವರಿಗೆ ಸೋಂಕು ತಗುಲೋ ಸಂಭವ ಎರಡೂವರೆ ಪಟ್ಟಿಗಿಂತ ಜಾಸ್ತಿ. ವಯಸ್ಸು, ಕೆಲಸ ಎಲ್ಲಾ ಸೇರಿಸಿದ್ರೆ ಲೆಕ್ಕ ಸ್ವಲ್ಪ ಹಿಂದೆಮುಂದೆ ಆಗುತ್ತೆ, ಒಪ್ತೀನಿ, ಆದ್ರೆ ಫಾರ್ವರ್ಡ್ ಹೇಳೋದಕ್ಕೆ ಪೂರಾ ಉಲ್ಟಾ. ಆಸ್ಪತ್ರೆ ಸೇರಿದವರಲ್ಲಂತೂ ಸುಮಾರು 80 ಪರ್ಸೆಂಟ್ ಲಸಿಕೆ ಹಾಕಿಸ್ಕೊಳ್ಳದವರು, ಇದನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡ್ಲಿಲ್ಲ!

ಹಾಗಾದ್ರೆ ಕೇಸ್ ಏರಿದ್ದು ಯಾಕೆ? ಸೋಂಕನ್ನೇ ತಡೆಯೋದ್ರಲ್ಲಿ ಆ ಲಸಿಕೆಗಳು ಅಷ್ಟೇನೂ ಗಟ್ಟಿ ಅಲ್ಲ, ಸೀರಿಯಸ್ ಆಗೋದನ್ನ ತಡೆಯೋದೇ ಅವುಗಳ ದೊಡ್ಡ ಕೆಲಸ. ಅದರ ಮೇಲೆ ಮಾರ್ಚ್ 25ಕ್ಕೆ ಗಡಿ ತೆಗೆದ್ರು, ಪಿಸಿಆರ್ ನೆಗೆಟಿವ್ ಇದ್ರೆ ಸಾಕು, ಕ್ವಾರಂಟೈನ್ ಇಲ್ಲ. ಲಸಿಕೆ ಆಯ್ತಲ್ಲ ಅನ್ನೋ ಧೈರ್ಯದಲ್ಲಿ ಜನಾನೂ ಸಡಿಲ ಬಿಟ್ರು. ಮೇನಲ್ಲಿ ಮತ್ತೆ ಶಾಲೆ ಬಂದ್, ಬಾರ್ ಬೇಗ ಮುಚ್ಬೇಕು.

ಗಡಿ ತೆಗೆದಿದ್ದಕ್ಕೆ ಅವರನ್ನ ಬೈಯೋದು ಸುಲಭ. ಗೋವಾದಲ್ಲಿ ಟೂರಿಸ್ಟ್ ಬರದಿದ್ರೂ ಬೆಳಗಾವಿಯಿಂದ ತರಕಾರಿ ಲಾರಿ ಬರುತ್ತೆ, ಕೆಲಸ ಹುಡುಕ್ಕೊಂಡು ಮುಂಬೈ ರೈಲು ಹತ್ತಬಹುದು. ಸೀಶೆಲ್ಸ್‌ನವರು ಎಲ್ಲಿಗೆ ಹೋಗ್ಬೇಕು? ಊಟದ ಸಾಮಾನು ಬಹುಪಾಲು ಹೊರಗಿಂದಾನೇ ಬರ್ಬೇಕು, ಅದಕ್ಕೆ ಕೊಡೋ ಡಾಲರ್ ಟೂರಿಸ್ಟ್‌ಗಳಿಂದ. ಲಸಿಕೆ ಹಾಕಿ ಬಾಗಿಲು ತೆಗೀದೇ ಎಷ್ಟು ದಿನ ಕೂರೋದು ಅಂತ ಅವರು ಯೋಚನೆ ಮಾಡಿದ್ರಲ್ಲಿ ನನಗೇನೂ ತಪ್ಪು ಕಾಣಲ್ಲ, ಮಾಸ್ಕ್ ವಿಷ್ಯದಲ್ಲಿ ಇನ್ನೊಂದೆರಡು ತಿಂಗಳು ಬಿಗಿ ಇರ್ಬೇಕಿತ್ತು ಅಷ್ಟೆ.

ಇದನ್ನೆಲ್ಲಾ ಗ್ರೂಪಲ್ಲಿ ಬರೆದೆ. "ನೀ ಹೇಳೂದು ಖರೆ ಇರಬಹುದವ್ವಾ, ಆದ್ರ ಮದ್ಲ ನಿಂಗ ಸ್ಲಾಟ್ ಸಿಕ್ಕೈತೇನ?" ಅಂತ ಮಾವ ಕೇಳಿದ್ರು.