ಹದಿಮೂರನೇ ಟೇಪು

ಮೇಷ್ಟ್ರು ಹೋದರು ಎಂಬ ಫೋನು ಬಂದಾಗ ನಾನು ವಿದ್ಯಾರ್ಥಿಯೊಬ್ಬರ ಪ್ರಬಂಧ ತಿದ್ದುತ್ತಾ ಕೂತಿದ್ದೆ. ಫೋನಿಟ್ಟು ಮತ್ತೆ ಹಾಳೆ ನೋಡಿದರೆ ಅಂಚಿನಲ್ಲಿ ನಾನೇ ಕೆಂಪು ಪೆನ್ನಿನಲ್ಲಿ ಬರೆದ ಷರಾ ಕಣ್ಣಿಗೆ ಬಿತ್ತು: 'ಇದು ನಿನಗೆ ಹೇಗೆ ಗೊತ್ತು?' ಆ ಮಾತು ಮೇಷ್ಟ್ರದ್ದು. ಇಪ್ಪತ್ತೈದು ವರ್ಷದಿಂದ ಅದನ್ನು ನನ್ನದೇ ಎನ್ನುವ ಹಾಗೆ ಬಳಸುತ್ತಿದ್ದೇನೆ. ಬಾಡಿಗೆಯನ್ನೂ ಕೊಟ್ಟಿಲ್ಲ.

ಸಂಚಿಕೆಗೆ ನೆನಪು ಬರೆದುಕೊಡಿ ಎಂದು ಸಂಪಾದಕರು ಕೇಳಿದ ಮೇಲೆ, ಕ್ಲಿನಿಕಲ್ ಸೈಕಾಲಜಿ ಓದಿದ ಆ ಎರಡು ವರ್ಷದಲ್ಲಿ ಏನೇನು ಪಾಠ ಆಗಿತ್ತು ಎಂದು ಯೋಚಿಸಿದೆ. ನಿಜ ಹೇಳಬೇಕೆಂದರೆ ಪೇಪರುಗಳ ಹೆಸರೂ ಸರಿಯಾಗಿ ನೆನಪಿಲ್ಲ. ನೆನಪಿರುವುದು ಮೇಷ್ಟ್ರ ಮೊದಲ ಕ್ಲಾಸು, ಸ್ಟ್ಯಾಟಿಸ್ಟಿಕ್ಸ್ ಮೇಡಂ ಕೈಯಲ್ಲಿದ್ದ ನಾಣ್ಯ, ಮತ್ತೆ ಹದಿಮೂರನೇ ಟೇಪು.

ನಾವಿದ್ದದ್ದು ಎಂಟು ಜನ. ಎಲ್ಲರಿಗೂ ಜನರ ದುಃಖ ಕಳೆಯುವ ಆಸೆ. ಮೇಷ್ಟ್ರು ಬಂದವರೇ ಹಾಜರಿ ಕೂಡ ತೆಗೆದುಕೊಳ್ಳದೆ ಹೇಳಿದರು: '1952ರಲ್ಲಿ ಹ್ಯಾನ್ಸ್ ಐಸೆಂಕ್ ಅಂತ ಒಬ್ಬರು 24 ವರದಿಗಳನ್ನು ಗುಡ್ಡೆ ಹಾಕಿದರು. 7,000ಕ್ಕೂ ಜಾಸ್ತಿ ರೋಗಿಗಳ ಲೆಕ್ಕ. ಸೈಕೋಥೆರಪಿ, ಅಂದರೆ ಮಾತಿನ ಚಿಕಿತ್ಸೆ, ಕೊಟ್ಟರೂ ಅಷ್ಟೆ, ಕೊಡದಿದ್ದರೂ ಅಷ್ಟೆ, ನ್ಯೂರೋಸಿಸ್, ಅಂದರೆ ಆತಂಕ, ಖಿನ್ನತೆಯಂಥ ತೊಂದರೆ, ಇರುವವರಲ್ಲಿ ಮೂರರಲ್ಲಿ ಎರಡು ಪಾಲು ಜನ ಎರಡು ವರ್ಷದಲ್ಲಿ ಹೆಚ್ಚುಕಮ್ಮಿ ಸುಧಾರಿಸುತ್ತಾರೆ ಅಂದರು. ಹಾಗಾದರೆ ನೀವೆಲ್ಲ ಇಲ್ಲಿಗೆ ಯಾಕೆ ಬಂದಿರಿ?'

ಯಾರೂ ಉಸಿರೆತ್ತಲಿಲ್ಲ. ಕೊನೆಗೆ ಮುಂದಿನ ಬೆಂಚಿನ ಹುಡುಗಿ, 'ಅವರು ಹೇಳಿದ್ದು ತಪ್ಪು ಸರ್' ಎಂದಳು.

'ಇದು ನಿನಗೆ ಹೇಗೆ ಗೊತ್ತಮ್ಮಾ?' ಎಂದು ಕೇಳಿ, ಉತ್ತರಕ್ಕೂ ಕಾಯದೆ ಎದ್ದು ಹೋದರು. ಕ್ಲಾಸು ಮುಗಿಯಿತು!

ಆ ವಾರವಿಡೀ ನಮಗೆ ನಿದ್ದೆ ಇಲ್ಲ. ಲೈಬ್ರರಿಯಲ್ಲಿ ಹುಡುಕಿದ್ದೇ ಹುಡುಕಿದ್ದು. ಐಸೆಂಕ್ ಹೋಲಿಸಿದ ಗುಂಪುಗಳು ಒಂದೇ ಥರದವಲ್ಲ, 'ಗುಣವಾಯಿತು' ಎನ್ನುವುದಕ್ಕೆ ಒಂದೊಂದು ಕಡೆ ಒಂದೊಂದು ಅಳತೆ ಎಂಬುದನ್ನು ನಾವೇ ಪತ್ತೆ ಮಾಡಿದೆವು. ಮುಂದಿನ ಕ್ಲಾಸಿನಲ್ಲಿ ಮೇಷ್ಟ್ರು ಕಥೆಯ ಉಳಿದರ್ಧ ಹೇಳಿದರು. 1977ರಲ್ಲಿ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ 375 ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದರು. ಥೆರಪಿ ಪಡೆದ ಸಾಧಾರಣ ರೋಗಿ, ಪಡೆಯದ ನೂರರಲ್ಲಿ 75 ಜನರಿಗಿಂತ ಚೆನ್ನಾಗಿದ್ದ. 'ಒಂದು ಜಗಳಕ್ಕೆ ಉತ್ತರ ಸಿಗೋಕೆ 25 ವರ್ಷ ಬೇಕಾಯಿತು. ನಿಮ್ಮನ್ನು ಒಂದು ವಾರ ಕಾಯಿಸಿದ್ದು ಜಾಸ್ತಿ ಆಯ್ತಾ?' ಎಂದು ನಕ್ಕರು.

ಮೇಡಂ ಬೇರೆ ಥರ. ಬಾಯಿ ಕಮ್ಮಿ. ಪರ್ಸಿನಿಂದ ಒಂದು ನಾಣ್ಯ ತೆಗೆದು ಮೇಜಿನ ಮೇಲೆ ಇಡುವರು. ನಾವು ಏನೇ 'ಫಲಿತಾಂಶ' ತಂದರೂ ಅದನ್ನು ಚಿಮ್ಮಿ, 'ಇದನ್ನು ಕೇಳಿದ್ದರೆ ಏನು ಹೇಳುತ್ತಿತ್ತು?' ಎನ್ನುವರು. ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ಕಪ್ಪಾ ಎಂಬ ಅಳತೆಯನ್ನು ಅವರು ಕಲಿಸಿದ್ದು ಹೀಗೇ. ಇಬ್ಬರು ಒಂದೇ ರೋಗಿಯನ್ನು ನೋಡಿ 'ಖಿನ್ನತೆ ಇದೆ' ಅಥವಾ 'ಇಲ್ಲ' ಎಂದು ಗುರುತು ಹಾಕುತ್ತಾರೆ ಅಂದುಕೊಳ್ಳಿ. ಇಬ್ಬರೂ ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೂ ಅರ್ಧದಷ್ಟು ಸಲ ಹೊಂದಿಕೆ ಆಗಿಯೇ ಆಗುತ್ತದೆ. ಆ ಪುಕ್ಕಟೆ ಹೊಂದಿಕೆಯನ್ನು ಕಳೆದ ಮೇಲೆ ಉಳಿಯುವುದು ನಿಮ್ಮ ಸಂಪಾದನೆ.

ಈ ಕಪ್ಪಾವೇ ನಮ್ಮ ಮಾನ ಕಳೆದದ್ದು.

ರೋಗಿಗಳ ಒಪ್ಪಿಗೆ ಪಡೆದು ತರಬೇತಿಗೆಂದೇ ಮಾಡಿದ 20 ಸಂದರ್ಶನದ ವಿಡಿಯೊ ಟೇಪುಗಳು ವಿಭಾಗದಲ್ಲಿದ್ದವು. ಒಂದೊಂದೂ ಸುಮಾರು ನಲವತ್ತು ನಿಮಿಷ. ಕೋಣೆಯಿಂದ ಆಚೆ ಒಯ್ಯುವ ಹಾಗಿಲ್ಲ. ಇಬ್ಬಿಬ್ಬರ ಜೋಡಿ, ಇಬ್ಬರೂ ಬೇರೆಬೇರೆಯಾಗಿ ಇಪ್ಪತ್ತನ್ನೂ ನೋಡಿ ಗುರುತು ಹಾಕಬೇಕು. ನನ್ನ ಜೋಡಿ ನನ್ನ ರೂಮ್‌ಮೇಟ್. ಹೊರಗೆ ಕ್ರಿಕೆಟ್ ನಡೆಯುತ್ತಿತ್ತು. ನಾವು ಬುದ್ಧಿವಂತರು, ಅಲ್ವಾ? ಒಂದರಿಂದ ಹತ್ತು ನನಗೆ, ಹನ್ನೊಂದರಿಂದ ಇಪ್ಪತ್ತು ಅವನಿಗೆ ಎಂದು ಹಂಚಿಕೊಂಡೆವು. ಆಮೇಲೆ ಹಾಳೆ ಅದಲುಬದಲು ಮಾಡಿ ನಕಲು ಹೊಡೆದೆವು. ಬೇರೆ ಬೇರೆ ಪೆನ್ನು ಬಳಸುವಷ್ಟು ಜಾಣತನವೂ ಇತ್ತು.

ಮೇಡಂ ಬೋರ್ಡಿನ ಮೇಲೆ ಎಲ್ಲ ಜೋಡಿಗಳ ಕಪ್ಪಾ ಬರೆದರು. 0.35, 0.52, 0.44. ನಮ್ಮದು 1.00, ಅಂದರೆ ನೂರಕ್ಕೆ ನೂರು ಹೊಂದಿಕೆ. ನಾನು ಕಾಲರ್ ಸರಿಮಾಡಿಕೊಂಡೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರು ಎದ್ದು ಬಂದರು.

'ಭಲೇ. ಅನುಭವಿ ವೈದ್ಯರಿಗೂ ಇದು ಆಗಲ್ಲ ಕಣಯ್ಯಾ. ಒಂದು ಹೇಳು, ಹದಿಮೂರನೇ ಟೇಪಿನಲ್ಲಿ ಆ ಹೆಂಗಸು ಅತ್ತದ್ದು ಯಾವಾಗ? ಮೊದಲಲ್ಲೋ, ಕೊನೆಯಲ್ಲೋ?'

ಹದಿಮೂರು ನನ್ನ ಪಾಲಿನದಲ್ಲ. ಗೆಳೆಯನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. 'ಕೊನೆಯಲ್ಲಿ ಸರ್' ಎಂದೆ.

'ಆಕೆ ಅಳಲೇ ಇಲ್ಲ' ಎಂದರು ಮೇಷ್ಟ್ರು. ಅಷ್ಟೇ. ಬೈಯಲಿಲ್ಲ. ಮುಂದಿನ ಒಂದು ತಿಂಗಳು ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ, ಒಬ್ಬೊಬ್ಬರೇ, ಇಪ್ಪತ್ತೂ ಟೇಪು ನೋಡಬೇಕೆಂದು ಆಜ್ಞೆಯಾಯಿತು.

ಆಗಲೇ ನಾನು ಹದಿಮೂರನೆಯದನ್ನು ನೋಡಿದ್ದು. ಗುರುತು ಸಿಗದ ಹಾಗೆ ಎರಡು ವಿವರ ಬದಲಿಸಿ ಹೇಳುತ್ತೇನೆ. ಆಕೆ ನಲವತ್ತು ನಿಮಿಷವೂ ನಗುತ್ತಲೇ ಇದ್ದರು. ಸೆರಗಿನ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. 'ಅಳು ಬರುತ್ತದಾ?' ಎಂದು ಕೇಳಿದಾಗ ಇನ್ನೂ ಜೋರಾಗಿ ನಕ್ಕು, 'ಮೊದಲು ಬರ್ತಿತ್ತು, ಈಗ ಅತ್ತರೆ ಸಾಕು ಅನ್ಸುತ್ತೆ, ಬರಲ್ಲ' ಎಂದರು. ಬೆಕ್ ಅವರ ಖಿನ್ನತೆಯ ಪ್ರಶ್ನಾವಳಿಯಲ್ಲಿ 21 ಪ್ರಶ್ನೆಗಳಿವೆ, ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ಅಳುವಿನ ಪ್ರಶ್ನೆಯಲ್ಲಿ 3 ಸಿಗುವುದು ಜಾಸ್ತಿ ಅಳುವವರಿಗಲ್ಲ, ಅಳಬೇಕೆಂದರೂ ಅಳಲಾಗದವರಿಗೆ. ಅದನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಕಂಡದ್ದು ಅವತ್ತು.

ತಿಂಗಳಾದ ಮೇಲೆ ನಮ್ಮ ಲೆಕ್ಕ ನಾವೇ ಕೈಯಲ್ಲಿ ಮಾಡಬೇಕಾಯಿತು. ಇಬ್ಬರೂ ತಲಾ ಹತ್ತು ಜನಕ್ಕೆ 'ಇದೆ' ಎಂದಿದ್ದೆವು. ಹೊಂದಿಕೆಯಾದದ್ದು 14. ಅಂದರೆ 70 ಶೇಕಡಾ. ನಾಣ್ಯದ ಪಾಲು 50 ಕಳೆದರೆ 20. ಅದನ್ನು ಉಳಿದ 50ರಿಂದ ಭಾಗಿಸಿದರೆ 0.40. ನಾಚಿಕೆಯಿಂದ ಹಾಳೆ ಕೊಟ್ಟೆ. ಮೇಡಂ ಮೊದಲ ಸಲ ನಕ್ಕದ್ದು ಅವತ್ತೇ. 'ಈಗ ಇಬ್ಬರಿದ್ದೀರಿ' ಎಂದರು.

ಪ್ರಬಂಧದ ಕಥೆಯೂ ಇದೇ ಜಾತಿಯದು, ಚುಟುಕಾಗಿ ಹೇಳುತ್ತೇನೆ. ನಿದ್ದೆ ಬಾರದವರಿಗೆ ಸ್ನಾಯು ಸಡಿಲಿಸುವ ಅಭ್ಯಾಸ ಹೇಳಿಕೊಟ್ಟು ಇನ್ನೊಂದು ಗುಂಪಿನ ಜೊತೆ ಹೋಲಿಸಿದ್ದೆ. ಹೇಳಿಕೊಳ್ಳುವಂಥ ವ್ಯತ್ಯಾಸವೇ ಬರಲಿಲ್ಲ. ಮೂವರನ್ನು ಲೆಕ್ಕದಿಂದ ತೆಗೆದರೆ ಬರುತ್ತಿತ್ತು. ಮೇಷ್ಟ್ರು ಆ ಮೂರು ಸಾಲಿನ ಮೇಲೆ ಬೆರಳಿಟ್ಟು, 'ಇವರು ನಿನಗೇನು ಮಾಡಿದರು?' ಎಂದು ಕೇಳಿದರು. ಆಮೇಲೆ ತಮ್ಮ ಮೇಜಿನ ಡ್ರಾಯರ್ ಎಳೆದು ತೋರಿಸಿದರು. ಅವರದೇ ಹಳೆಯ, ಎಲ್ಲೂ ಅಚ್ಚಾಗದ ನಾಲ್ಕು ಅಧ್ಯಯನಗಳು. ಗೆದ್ದವು ಅಚ್ಚಾಗುತ್ತವೆ, ಸೋತವು ಡ್ರಾಯರ್ ಸೇರುತ್ತವೆ ಎಂಬ ಈ ತೊಂದರೆಗೆ ರಾಬರ್ಟ್ ರೋಸೆಂತಾಲ್ 1979ರಲ್ಲೇ ಹೆಸರಿಟ್ಟಿದ್ದರು. ಮೂವರನ್ನೂ ಉಳಿಸಿಕೊಂಡೇ ಬರೆದೆ. ಪಾಸಾದೆ. (ಆ ವರ್ಷದ ಅತ್ಯುತ್ತಮ ಪ್ರಬಂಧವೆಂದೂ ಆಯಿತು. ಸುಮ್ನೆ ಹೇಳಿದೆ.)

ಈಗ ನಾನೂ ಆರು ಜನಕ್ಕೆ ಪಿಎಚ್‌ಡಿ ಮಾಡಿಸಿದ್ದೇನೆ. ಇವತ್ತಿನ ಮಕ್ಕಳು ನಮಗಿಂತ ಚುರುಕು. ಆದರೆ ಆನ್‌ಲೈನ್ ಫಾರ್ಮು ಹರಿಬಿಟ್ಟು ನಾಲ್ಕು ದಿನದಲ್ಲಿ 300 ಉತ್ತರ ತಂದುಬಿಡುತ್ತಾರೆ. ಒಬ್ಬರ ಮುಖವನ್ನೂ ನೋಡಿರುವುದಿಲ್ಲ. ಗುಂಡಿ ಒತ್ತಿದರೆ ಕಪ್ಪಾ ಬರುತ್ತದೆ, ಯಾಕೆ ಕಮ್ಮಿ ಬಂತು ಎಂದು ಕೇಳಿದರೆ ಸಾಫ್ಟ್‌ವೇರ್ ಹೆಸರು ಹೇಳುತ್ತಾರೆ. ಸೆರಗು ಸುತ್ತುವ ಬೆರಳು ಯಾವ ಫಾರ್ಮಿನಲ್ಲಿ ಕಾಣಬೇಕು? ಹೀಗೊಮ್ಮೆ ಮೇಷ್ಟ್ರ ಹತ್ತಿರ ಗೊಣಗಿದ್ದೆ. ಅವರಿಗದು ಹಿಡಿಸಲಿಲ್ಲ. 2015ರಲ್ಲಿ ಸೈಕಾಲಜಿಯ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ 36 ಶೇಕಡಾದಷ್ಟರಲ್ಲಿ ಮಾತ್ರ ಗಣನೀಯ ಫಲಿತಾಂಶ ಬಂತೆಂದು ವರದಿಯಾದ ದಿನ ಅವರೇ ಫೋನು ಮಾಡಿದ್ದರು, ಮಗುವಿನ ಹಾಗೆ ಖುಷಿಯಲ್ಲಿ. 'ನೋಡಿದೆಯಾ? ಹುಡುಗರು ಡ್ರಾಯರ್ ತೆಗೀತಾ ಇದ್ದಾರೆ! ನಿಮ್ಮ ಕಾಲದಲ್ಲಿ ನಕಲು ಹೊಡೀತಿದ್ರಿ.'

ಶ್ರದ್ಧಾಂಜಲಿ ಸಭೆಗೆ ಎಂಟರಲ್ಲಿ ಆರು ಜನ ಬಂದಿದ್ದೆವು. ಮೇಡಂ ಕೋಲು ಹಿಡಿದು ಬಂದರು. ನಾನು ವೇದಿಕೆ ಹತ್ತಿ ಟೇಪಿನ ಕಥೆ ಹೇಳಿದೆ, ಎಲ್ಲರೂ ನಕ್ಕರು. ಕೆಳಗಿಳಿದಾಗ ಹಳೆಯ ರೂಮ್‌ಮೇಟ್ ಪಕ್ಕಕ್ಕೆ ಕರೆದ.

'ಇಷ್ಟು ವರ್ಷ ಹೇಳಿರಲಿಲ್ಲ ಕಣೋ. ಹದಿಮೂರು ನಾನೂ ನೋಡಿರಲಿಲ್ಲ. ಕೊನೆಯ ಐದು ನೋಡಿ, ಉಳಿದದ್ದಕ್ಕೆ ಅಂದಾಜಿನಲ್ಲಿ ಗುರುತು ಹಾಕಿದ್ದೆ.'

ನನಗೆ ಸಿಟ್ಟೇ ಬಂತು. 'ನಾನು ನಿನ್ನ ನಂಬಿ ಎದ್ದು ನಿಂತಿದ್ದೆನಲ್ಲೋ' ಎಂದೆ. ಮೇಡಂ ಕಿವಿ ಇನ್ನೂ ಚುರುಕು. ಕುರ್ಚಿಯಿಂದಲೇ ಕೇಳಿದರು: 'ನಿನ್ನ ಹತ್ತರಲ್ಲಿ ನೀನು ಎಷ್ಟು ನೋಡಿದ್ದೆ?'

'ಏಳು ಮೇಡಂ' ಎಂದೆ.