ಆ ಹಾಳು ಅರ್ಧ ಸ್ಟಾಪ್ ಕೊನೆಗೂ ಸಿಕ್ಕಿತು

ನನ್ನ ಮೂರು ಭಾನುವಾರ ತಿಂದ ಅರ್ಧ ಸ್ಟಾಪ್ ನಿನ್ನೆ ರಾತ್ರಿ ಸಿಕ್ಕಿತು. ಸ್ಟಾಪ್ ಅಂದರೆ ಫೋಟೋದಲ್ಲಿ ಬೆಳಕಿನ ಅಳತೆ, ಒಂದು ಸ್ಟಾಪ್ ಏರಿದರೆ ಬೆಳಕು ಎರಡರಷ್ಟು. ಅದು ಕ್ಯಾಮೆರಾದಲ್ಲಿ ಇರಲಿಲ್ಲ, ಲೆನ್ಸನ್ನು ಕ್ಯಾಮೆರಾಗೆ ಕೂಡಿಸುವ ಅಡಾಪ್ಟರಿನಲ್ಲೂ ಇರಲಿಲ್ಲ. ನನ್ನ ಲೆಕ್ಕದಲ್ಲೇ ಇತ್ತು.

ನನ್ನ ಹತ್ತಿರ ಎರಡು ಕ್ಯಾಮೆರಾ ಬಾಡಿ ಇವೆ: ದೊಡ್ಡ ಸೆನ್ಸರಿನ ಫುಲ್ ಫ್ರೇಮ್, ಚಿಕ್ಕ ಸೆನ್ಸರಿನ ಎಪಿಎಸ್-ಸಿ. ಫುಲ್ ಫ್ರೇಮ್ ಬಾಡಿ ಇಟ್ಟುಕೊಳ್ಳಬೇಕೋ ಮಾರಬೇಕೋ ಅನ್ನೋದು ಪ್ರಶ್ನೆ. ನಾನು ತೆಗೆಯುವುದು ಬರೀ ಹುಳಹುಪ್ಪಟೆ. ಹಾಗಾಗಿ ಸತ್ತ ಏರೋಪ್ಲೇನ್ ಚಿಟ್ಟೆಯೊಂದನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಓರೆಯಾಗಿ ಒಂದು ಸ್ಕೇಲ್ ನಿಲ್ಲಿಸಿದೆ. ಎರಡೂ ಬಾಡಿಗೆ ಒಂದೇ ಹಳೇ ಮ್ಯಾನ್ಯುವಲ್ ಮ್ಯಾಕ್ರೋ (ತೀರಾ ಹತ್ತಿರದಿಂದ ತೆಗೆಯುವ) ಲೆನ್ಸ್. ಫ್ರೇಮಿನಲ್ಲಿ ಕಾಣುವ ಜಾಗದ ಅಗಲ ಎರಡರಲ್ಲೂ 36 ಮಿ.ಮೀ.

ಫುಲ್ ಫ್ರೇಮಿನಲ್ಲಿ ಎಫ್/16, ಐಎಸ್ಒ 3200. (ಎಫ್ ಸಂಖ್ಯೆ ದೊಡ್ಡದಾದಷ್ಟೂ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಚಿಕ್ಕದು; ಐಎಸ್ಒ ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ.) ಎಪಿಎಸ್-ಸಿಯಲ್ಲಿ ಒಂದೊಂದು ಸ್ಟಾಪ್ ಇಳಿಸಿ ಎಫ್/11, ಐಎಸ್ಒ 1600. ಶಟರ್ ಎರಡಕ್ಕೂ 1/250. ಕಿಂಡಿಯಿಂದ ಹೆಚ್ಚು ಬಂದ ಬೆಳಕು ಇಳಿಸಿದ ಐಎಸ್ಒಗೆ ಸರಿಹೋಗಿ ಚಿತ್ರ ಒಂದೇ ಥರ ಬರಬೇಕು, ಅಲ್ವಾ? ಬರಲಿಲ್ಲ. ಎಪಿಎಸ್-ಸಿ ಚಿತ್ರ ಪ್ರತಿ ಸಲವೂ ಅರ್ಧ ಸ್ಟಾಪ್ ಬೆಳ್ಳಗೆ. ಸ್ಕೇಲಿನ ಮೇಲೆ ಶಾರ್ಪ್ ಆಗಿ ಕಾಣುವ ಗೆರೆಗಳೂ ಕಡಿಮೆ, ಅಂದರೆ ಡೆಪ್ತ್ (ಹಿಂದೆಮುಂದೆ ಶಾರ್ಪ್ ಆಗಿರುವ ಆಳ) ಕಮ್ಮಿ.

ಮೊದಲು ಎಲ್‌ಇಡಿ ದೀಪವನ್ನು ಬೈದೆ. ಆಮೇಲೆ ಅಡಾಪ್ಟರನ್ನು. ಹೊಸದೊಂದು ತರಿಸಿದೆ. 'ಪೂರ್ತಿ ಲೋಹ' ಅಂತ ಬರೆದುಕೊಂಡಿದ್ದ ಪುಣ್ಯಾತ್ಮ ಕಳಿಸಿದ್ದು ಪ್ಲಾಸ್ಟಿಕ್ ಬಳೆ. ಮೂರು ಸ್ಕ್ರೂ ಇರಬೇಕಾದ ಕಡೆ ಎರಡು. ಮೂರನೆಯದು ಡಬ್ಬಿಯೊಳಗೆ ಗಿಲಿಗಿಲಿ ಅನ್ನುತ್ತಿತ್ತು. ಕೇಳಿದರೆ, 'ನಿಮ್ಮ ಲೆನ್ಸ್ ಸರಿಯಿಲ್ಲ' ಅಂತ ಉತ್ತರ! ಹಳೇ ಅಡಾಪ್ಟರಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಮತ್ತೆ ಅದನ್ನೇ ಹಾಕಿದೆ.

ನಿನ್ನೆ ಲೆನ್ಸಿನ ಬ್ಯಾರಲ್ ತಿರುಗಿಸುತ್ತಾ ಕೂತಿದ್ದೆ. ಫುಲ್ ಫ್ರೇಮಿನಲ್ಲಿ ಆ 36 ಮಿ.ಮೀ. ತುಂಬಲು 1:1 ಬೇಕು, ಅಂದರೆ ಸೆನ್ಸರಿನ ಮೇಲೆ ಹುಳ ತನ್ನ ನಿಜ ಗಾತ್ರದಲ್ಲೇ ಬೀಳಬೇಕು. 1:1ಕ್ಕೆ ಬಂದಾಗ ಲೆನ್ಸ್ ಉದ್ದಕ್ಕೆ ಮೂತಿ ಚಾಚುತ್ತದೆ. ಎಪಿಎಸ್-ಸಿಯಲ್ಲಿ ಅಷ್ಟು ಚಾಚಬೇಕಾಗಿಯೇ ಇಲ್ಲ. ಅದರ ಸೆನ್ಸರಿನ ಅಗಲ ಸುಮಾರು 23.5 ಮಿ.ಮೀ., ಹಾಗಾಗಿ ಅದೇ ಫ್ರೇಮಿಗೆ ಮೂರರಲ್ಲಿ ಎರಡು ಪಾಲು ಮ್ಯಾಗ್ನಿಫಿಕೇಶನ್ ಸಾಕು. ಥತ್! ಬೆಲೋಸ್ ಫ್ಯಾಕ್ಟರ್! ಲೆನ್ಸ್ ಮುಂದಕ್ಕೆ ಚಾಚಿದಷ್ಟೂ ಸೆನ್ಸರಿಗೆ ತಲುಪುವ ಬೆಳಕು ಕಡಿಮೆ. ಲೆನ್ಸ್ ಮೇಲಿನ ಎಫ್/16 ಎಂಬುದು 1:1ರಲ್ಲಿ ನಿಜಕ್ಕೂ ಎಫ್/32. ಆದರೆ ಎಪಿಎಸ್-ಸಿಯ ಎಫ್/11 ಆಗುವುದು ಎಫ್/19ರ ಹತ್ತಿರ ಮಾತ್ರ. ನನಗೆ ಬೇಕಿದ್ದದ್ದು 32ನ್ನು 1.5ರಿಂದ (ಎರಡು ಸೆನ್ಸರುಗಳ ಅಗಲದ ಅನುಪಾತ) ಭಾಗಿಸಿದ ಎಫ್/21. ಫಿಲ್ಮ್ ಕಾಲದವರು ನಿದ್ದೆಗಣ್ಣಲ್ಲೂ ಹಾಕುತ್ತಿದ್ದ ಲೆಕ್ಕ ಇದು.

ರಿಂಗನ್ನು 11 ಮತ್ತು 16ರ ನಡುವೆ ನಿಲ್ಲಿಸಿದೆ, ಅಂದಾಜು ಎಫ್/13. ಬೆಳಕೂ ಕೂತಿತು, ಸ್ಕೇಲಿನ ಗೆರೆಗಳೂ ಸರಿಹೋದವು. ಎರಡೂ ಚಿತ್ರಗಳನ್ನು ಒಂದೇ ಅಳತೆಗೆ ಇಳಿಸಿ ಚಿಟ್ಟೆಯ ಕಣ್ಣಿನ ಭಾಗವನ್ನು ಹಿಗ್ಗಿಸಿ ನೋಡಿದೆ. ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಒಂದೇ, ಕಿಂಡಿ ತೀರಾ ಚಿಕ್ಕದಾದಾಗ ಬರುವ ಡಿಫ್ರಾಕ್ಷನ್ ಮಬ್ಬೂ ಒಂದೇ. ಯಾವುದು ಯಾವ ಬಾಡಿಯದು ಅಂತ ಫೈಲ್ ಹೆಸರು ನೋಡಿಯೇ ಹೇಳಬೇಕು. ದೊಡ್ಡ ಸೆನ್ಸರಿನ ಸುಮಾರು ಎರಡೂಕಾಲು ಪಟ್ಟು ಜಾಗದ ಲಾಭವೆಲ್ಲ ಅಪರ್ಚರ್ ಕಿರಿದು ಮಾಡಿದ್ದಕ್ಕೇ ಹೋಯಿತು. ಕೈಯಲ್ಲಿ ಹಿಡಿದು ಹುಳ ತೆಗೆಯೋಕೆ ನನಗೆ ಫುಲ್ ಫ್ರೇಮ್ ಸುಮ್ನೆ ಭಾರ. ನಕ್ಷತ್ರ ತೆಗೆಯುವವರು ಲೆನ್ಸ್ ಪೂರ್ತಿ ತೆರೆದಿಡುತ್ತಾರೆ, ಅವರ ಮಾತು ಬೇರೆ.

ಆದರೂ ಮಾರುವ ಮಾತು ಸದ್ಯಕ್ಕಿಲ್ಲ. ಕೆಟ್ಟ ಪ್ರಿಂಟರೊಂದರ ಸ್ಟೆಪ್ಪರ್ (ಹೆಜ್ಜೆಹೆಜ್ಜೆಯಾಗಿ ತಿರುಗುವ) ಮೋಟರ್ ಬಿಚ್ಚಿಟ್ಟಿದ್ದೇನೆ, ಕ್ಯಾಮೆರಾವನ್ನು ಚೂರುಚೂರೇ ಸರಿಸುತ್ತಾ ಸಾಲಾಗಿ ಚಿತ್ರ ತೆಗೆಯುವ ಫೋಕಸ್ ಸ್ಟ್ಯಾಕಿಂಗ್ ರೈಲ್ ಮಾಡೋಕೆ. ಐವತ್ತು ಚಿತ್ರ ಸೇರಿಸಿ ಡೆಪ್ತ್ ತರುವುದಾದರೆ ಎಫ್/5.6, ಐಎಸ್ಒ 100ರಲ್ಲೇ ಆರಾಮಾಗಿ ತೆಗೆಯಬಹುದು. ಆಗ ದೊಡ್ಡ ಸೆನ್ಸರ್ ಮತ್ತೆ ಗೆದ್ದರೂ ಗೆಲ್ಲಬಹುದು. ಮೋಟರ್ ತಿರುಗುತ್ತಿದೆ, ಆದರೆ ಉಲ್ಟಾ. ಇನ್ನು ಏರೋಪ್ಲೇನ್ ಚಿಟ್ಟೆಯನ್ನು ಬೆಳಿಗ್ಗೆ ನೋಡಿದರೆ ಅರ್ಧ ಬಾಲವೇ ಇಲ್ಲ, ಇರುವೆಗಳ ಸಾಲು ಕಿಟಕಿವರೆಗೂ ಇತ್ತು.